ಕುಂಕುಮ ಅಳಿಸಿದ ಸೀತಮ್ಮ

ಸೀತಮ್ಮನವರಿಗೆ ಕಂಪ್ಯೂಟರ್ ಬರುತ್ತದೆ ಎಂದು ಇಡೀ ಪೀಣ್ಯದಲ್ಲಿ ನಂಬಿದ್ದವರು ಒಬ್ಬರೇ. ಅದು ಸ್ವತಃ ಸೀತಮ್ಮನವರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮೌಸ್ ಕೈಗೆ ಕೊಟ್ಟರೆ ಅದರಲ್ಲಿ ಮೇಜು ಒರೆಸಿದಂತೆ ಕಾಣುತ್ತಿತ್ತೇ ಹೊರತು ಕೆಲಸ ಮಾಡಿದಂತಲ್ಲ. ಆದರೂ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು, "ಏನ್ ಕೆಲ್ಸ ಮಾಡ್ತೀರಮ್ಮಾ?" ಎಂದು ಕೇಳಿದರೆ, "ಕಂಪ್ಯೂಟರ್ ಸೆಕ್ಷನ್ನು" ಎಂದು ಹೇಳಿ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ಮುಂದಿನ ಪ್ರಶ್ನೆ ಬಂದರೆ ಉತ್ತರ ಇರಲಿಲ್ಲವಲ್ಲ, ಅದಕ್ಕೆ.

ಶಶಿಕುಮಾರನ ಪ್ರೆಸ್ಸಿಗೆ ಅವರು ಸೇರಿದ್ದು ಲಗ್ನಪತ್ರಿಕೆ ಮಡಿಚುವುದಕ್ಕೆ. ವಾಚ್ ಫ್ಯಾಕ್ಟರಿಯಲ್ಲಿದ್ದ ಗಂಡ ಜಯಸಿಂಹ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ ಕೂತು ಗೋಡೆಯ ಜೊತೆ ಜಗಳವಾಡುವುದಕ್ಕಿಂತ ಇದು ವಾಸಿ ಎನಿಸಿತ್ತು. ಮಡಿಚಿ ಮಡಿಚಿ ಬಲಗೈ ಹೆಬ್ಬೆರಳು ಕೆಟ್ಟು ಕೂತಿತು. ಅಷ್ಟರಲ್ಲಿ ಮಡಿಚುವ ಮೆಷಿನ್ನೂ ಬಂತು. ಶಶಿಕುಮಾರ್ ತಲೆ ಕೆರೆದುಕೊಂಡು, "ಇನ್ನು ಮನೇಲಿ ಆರಾಮಾಗಿ ಇರಿ ಸೀತಮ್ಮೋರೇ" ಎಂದ. ಆ ಆರಾಮವನ್ನು ನೆನೆಸಿಕೊಂಡೇ ಸೀತಮ್ಮನವರಿಗೆ ಜ್ವರ ಬಂದಂತಾಯಿತು.

ಕಾಪಾಡಿದವಳು ಸಮೀಕ್ಷಾ. ಪ್ರೆಸ್ಸಿನ ಒಳಕೋಣೆಯಲ್ಲಿ, ಏಸಿ ಕೆಳಗೆ, ಕಂಪ್ಯೂಟರಿನಲ್ಲಿ ಪತ್ರಿಕೆಗಳ ಪುಟ ಕಟ್ಟುವ ಹುಡುಗಿ. "ಸಾರ್, ಬಣ್ಣದ ವಿಷಯಕ್ಕೆ ಕಸ್ಟಮರ್ ಹೆಂಗಸರು ನನ್ನ ತಲೆ ತಿಂದುಹಾಕ್ತಾರೆ. ಅಜ್ಜಿ ಅದೊಂದು ನೋಡ್ಕೊಳ್ಳಲಿ" ಎಂದಳು.

"ನೋಡೋಣ, ಒಂದು ಸೀಸನ್ನು" ಎಂದ ಶಶಿಕುಮಾರ್. ಆ ಸೀಸನ್ನಿನಲ್ಲಿ ಕೈ ಕುದುರಿದರೆ ಕುರ್ಚಿ, ಇಲ್ಲವಾದರೆ ಗೋಡೆ.

ಸಮೀಕ್ಷಾ ಪಾಠ ಶುರು ಮಾಡಿದಳು. "ಇದು ಸ್ವಾಚ್ ಅಜ್ಜಿ."

"ವಾಚಾ? ನಮ್ಮ ಯಜಮಾನ್ರು ರಿಟೈರ್ ಆಗೋವರೆಗೂ ಅದನ್ನೇ ಮಾಡಿದ್ದು ಕಣೇ."

"ವಾಚ್ ಅಲ್ಲ ಅಜ್ಜಿ, ಸ್ವಾಚ್! ಬಣ್ಣದ ತುಂಡು."

ನೋಡಿದರೆ ಪರದೆಯ ಬಲಗಡೆ ಸಾಲಾಗಿ ಬಣ್ಣದ ಚೌಕಗಳು. ಸೀತಮ್ಮನವರಿಗೆ ತಟ್ಟನೆ ಅರ್ಥವಾಯಿತು. ಇದು ಮ್ಯಾಚಿಂಗ್ ಸೆಂಟರು! ಸೀರೆಗೆ ರವಿಕೆ ಕಣ ಹುಡುಕಿಕೊಂಡು ಹೋದರೆ ಅಂಗಡಿಯವನ ಹಿಂದೆ ಗೋಡೆ ತುಂಬ ಜೋಡಿಸಿಟ್ಟಿರುತ್ತಾನಲ್ಲ, ಅದೇ. ಆದರೆ ಇಲ್ಲಿ ಒಂದೊಂದು ಬಣ್ಣಕ್ಕೂ ಜೈಲಿನವರಿಗೆ ಕೊಟ್ಟ ಹಾಗೆ ನಂಬರು. ಸಮೀಕ್ಷಾ ನಗುತ್ತಾ ನಂಬರು ತೆಗೆದು ಅಜ್ಜಿ ಹೇಳಿದ ಹೆಸರುಗಳನ್ನೇ ಕನ್ನಡದಲ್ಲಿ ಕೂರಿಸಿದಳು. ಗಿಣಿ ಹಸಿರು, ಆನಂದ ನೀಲಿ, ಮೆಂತ್ಯ, ಕನಕಾಂಬರ, ಈರುಳ್ಳಿ ಸಿಪ್ಪೆ, ಕುಂಕುಮ. ಇನ್ನೊಂದು ಗುಟ್ಟನ್ನೂ ಹೇಳಿಕೊಟ್ಟಳು: ಚೌಕದಲ್ಲಿ ಬಣ್ಣ ಒಂದು ಸಲ ಬದಲಾಯಿಸಿದರೆ, ಪತ್ರಿಕೆಯಲ್ಲಿ ಆ ಬಣ್ಣ ಹಚ್ಚಿದ ಕಡೆಯೆಲ್ಲ ತಾನಾಗಿಯೇ ಬದಲಾಗುತ್ತದೆ. ಸೀತಮ್ಮನವರು ಇದನ್ನು ಬೆರಗಾಗಿ ಕೇಳಿದರು, ತಲೆಯಾಡಿಸಿದರು, ಮತ್ತು ಮರೆತರು.

ಆ ಸೀಸನ್ನಿಗೆ ಗೌರಮ್ಮ ಬಂದರು. ದಾಸರಹಳ್ಳಿಯಲ್ಲಿ ಅವರ ಯಜಮಾನರದು ಲೇಥ್ ವರ್ಕ್‌ಶಾಪು. ಮಗಳು ಸುಕೃತಿಯ ಮದುವೆ. ಪರ್ಸಿನಿಂದ ಧಾರೆಸೀರೆಯ ರವಿಕೆ ತುಂಡು ತೆಗೆದು, "ಅಕ್ಷರ ಎಲ್ಲ ಇದೇ ಕೆಂಪಲ್ಲಿ ಬರ್ಬೇಕು" ಎಂದರು. ಸಮೀಕ್ಷಾ ಪಟ್ಟಿಯಲ್ಲಿದ್ದ ಕುಂಕುಮ ತೋರಿಸಿದಳು; ಅದಲ್ಲ ಎಂದದ್ದಕ್ಕೆ ತುಂಡು ನೋಡಿ 'ಗೌರಮ್ಮನ ಕುಂಕುಮ' ಎಂದು ಹೊಸ ಚೌಕ ಮಾಡಿದಳು. ಗೌರಮ್ಮ ಎರಡು ದಿನ ಬಿಟ್ಟು ಬಂದು, ಇದು ಮಂಕು ಎಂದರು. ಆಮೇಲೆ, ಇದು ಕಣ್ಣಿಗೆ ಹೊಡೆಯುತ್ತದೆ ಎಂದರು. ಕೊನೆಗೆ, "ಮೊದಲು ತೋರಿಸಿದ್ರಲ್ಲ ಹಳೇ ಕುಂಕುಮ, ಅದೇ ಇರ್ಲಿ ಬಿಡಿ" ಎಂದು ಎದ್ದು ಹೋದರು. ಗಣಪತಿ, ವಧೂವರರ ಹೆಸರು, ಮುಹೂರ್ತ, ಎಲ್ಲಕ್ಕೂ ಹಳೆಯ ಕುಂಕುಮವೇ ಕೂತಿತು. ಸಮೀಕ್ಷಾ ಪತ್ರಿಕೆ ಸಿದ್ಧ ಮಾಡಿಟ್ಟು, ಸಂಜೆ ಗೌರಮ್ಮನಿಗೆ ಕಳಿಸಿಬಿಡಿ ಎಂದು ಶಶಿಕುಮಾರನಿಗೆ ಹೇಳಿ ಹಲ್ಲಿನ ಡಾಕ್ಟರ ಹತ್ತಿರ ಹೋದಳು.

ಖಾಲಿ ಕೋಣೆ, ತಣ್ಣನೆ ಗಾಳಿ, ತೆರೆದ ಕಂಪ್ಯೂಟರು. ಸೀತಮ್ಮನವರಿಗೆ ಕೈ ಸುಮ್ಮನಿರಲಿಲ್ಲ. ಬಣ್ಣದ ಪಟ್ಟಿ ನೋಡಿದರೆ ಹಬ್ಬದ ಮುಂಚಿನ ಅಡುಗೆಮನೆಯ ಹಾಗಿತ್ತು. ಕುಂಕುಮ ಒಂದು, ಗೌರಮ್ಮನ ಕುಂಕುಮ ಇನ್ನೊಂದು. ಒಂದೇ ಮನೆಯಲ್ಲಿ ಎರಡು ಭರಣಿ ಯಾಕೆ? ಗೌರಮ್ಮನ ಪತ್ರಿಕೆಗೆ ಗೌರಮ್ಮನದೇ ತಾನೇ ಇರಬೇಕಾದದ್ದು? ಹಾಗೆಂದುಕೊಂಡು ಹಳೆಯದರ ಮೇಲೆ ಬಾಣ ನಿಲ್ಲಿಸಿ, ಕಸದಬುಟ್ಟಿಯ ಚಿತ್ರ ಒತ್ತಿದರು.

ಕಂಪ್ಯೂಟರು ಇಂಗ್ಲಿಷಿನಲ್ಲಿ ಏನೋ ಕೇಳಿತು. ಇದನ್ನು ತೆಗೆದರೆ ಆ ಜಾಗಕ್ಕೆ ಯಾವ ಬಣ್ಣ, ಕಪ್ಪು ಹಾಕಲೇ ಎಂದು ಅದು ಮರ್ಯಾದೆಯಿಂದಲೇ ಕೇಳಿತ್ತು. ಇಂಗ್ಲಿಷಿನಲ್ಲಿ ಯಾರು ಏನು ಕೇಳಿದರೂ ಸೀತಮ್ಮನವರ ಉತ್ತರ ಒಂದೇ: ಓಕೆ. ಪರದೆಯ ಮೇಲೆ ಆಗ ಇದ್ದದ್ದು ಛತ್ರಕ್ಕೆ ದಾರಿ ತೋರಿಸುವ ಹಿಂದಿನ ಪುಟ. ಅದರಲ್ಲಿ ಕೆಂಪು ಇರಲಿಲ್ಲ, ಹಾಗಾಗಿ ಏನೂ ಆದಂತೆ ಕಾಣಲಿಲ್ಲ. ಸೇವ್ ಮಾಡಿ, ಮುಚ್ಚಿ, ತಮ್ಮ ಅಚ್ಚುಕಟ್ಟುತನಕ್ಕೆ ತಾವೇ ಮೆಚ್ಚಿ ಒಂದು ಲೋಟ ಕಾಫಿ ಕುಡಿದರು. ಶಶಿಕುಮಾರ್ ಫೋನಿನಲ್ಲಿ ಪೇಪರಿನವನಿಗೆ ಬೈಯುತ್ತಲೇ, ತೆಗೆದೂ ನೋಡದೆ ಪ್ರೂಫನ್ನು ಗೌರಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದ.

ಮಾರನೆಯ ಬೆಳಿಗ್ಗೆ ಗೌರಮ್ಮ ಆಟೋ ಇಳಿದದ್ದೇ ಫೋನು ಎತ್ತಿ ಹಿಡಿದುಕೊಂಡು.

"ಶಶಿಕುಮಾರಣ್ಣಾ, ನಾವು ಮದ್ವೆಗೆ ಕರೀತಿದ್ದೀವೋ ತಿಥಿಗೆ ಕರೀತಿದ್ದೀವೋ? ನಮ್ಮತ್ತೆ ಇದನ್ನ ನೋಡಿ 'ಯಾರೇ ಹೋದ್ರು?' ಅಂತ ಸ್ನಾನಕ್ಕೆ ಹೊರಟ್ರು!"

ಗಣಪತಿ ಕಪ್ಪು. ಹುಡುಗ ಹುಡುಗಿಯ ಹೆಸರು ಕಪ್ಪು. ಶುಭಮುಹೂರ್ತ ಕಾಡಿಗೆಗಿಂತ ಕಪ್ಪು. ಸಮೀಕ್ಷಾ ಓಡಿಹೋಗಿ ಪತ್ರಿಕೆ ತೆಗೆದಳು. ಪಟ್ಟಿಯ ಮೇಲೆ ಕೆಳಗೆ ಹುಡುಕಿ, ಊದಿದ ಕೆನ್ನೆ ಹಿಡಿದುಕೊಂಡೇ ಕಿರುಚಿದಳು:

"ಕುಂಕುಮ ಯಾರು ಅಳಿಸಿದ್ದು?"

ಗೌರಮ್ಮ ಸೀತಮ್ಮನವರ ಬರಿ ಹಣೆಯನ್ನು ನೋಡಿ, ನೋಡಬಾರದಿತ್ತೆಂದು ಏಸಿ ನೋಡಿದರು. ಶಶಿಕುಮಾರ್ ಚಪ್ಪಲಿ ನೋಡಿಕೊಂಡ. ಮದುವೆಮನೆಗಳಲ್ಲಿ ಆರತಿಯ ಹೊತ್ತಿಗೆ ತಾವಾಗಿಯೇ ಹಿಂದಕ್ಕೆ ಸರಿದು ಕಂಬದ ಮರೆಗೆ ನಿಲ್ಲುವುದು ಸೀತಮ್ಮನವರಿಗೆ ಅಭ್ಯಾಸವಾಗಿತ್ತು. ಇಲ್ಲಿ ಕಂಬವೂ ಇರಲಿಲ್ಲ.

"ನಾನೇ ಕಣೇ" ಎಂದರು. "ನಂದನ್ನ ಆ ದೇವರು ಅಳಿಸ್ದ. ಗೌರಮ್ಮೋರ್ದನ್ನ ನಾನು ಅಳಿಸ್ದೆ. ಅವನಾದ್ರೂ ಒಬ್ಬೊಬ್ಬರದೇ ಅಳಿಸ್ತಾನೆ, ನಾನು ಗಣಪತೀದೂ ಬಿಡ್ಲಿಲ್ಲ."

"ಬಿಡ್ತು ಅನ್ನಿ!" ಎಂದು ಗೌರಮ್ಮ ಗದರಿದರು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು, ಆದರೆ ಹೊಟ್ಟೆ ಕುಲುಕುವುದಕ್ಕೆ ಶುರುವಾಯಿತು. ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. "ಬಿಡ್ತು ಅನ್ನಿ ಸೀತಮ್ಮೋರೇ, ಮೊದಲು ಬಿಡ್ತು ಅನ್ನಿ."

"ಬಿಡ್ತು, ಬಿಡ್ತು."

ಸಮೀಕ್ಷಾ ಅಷ್ಟರಲ್ಲಿ ದಾರಿ ಹುಡುಕಿದ್ದಳು. ನಿನ್ನೆಯೇ ಮುಚ್ಚಿದ ಪತ್ರಿಕೆ, ಹಿಂದಕ್ಕೆ ಹೋಗುವ ಹಾಗಿಲ್ಲ. "ಆದ್ರೆ ಲಗ್ನಪತ್ರಿಕೇಲಿ ನಾವು ಕಪ್ಪು ಹಾಕೋದೇ ಇಲ್ವಲ್ಲ ಸಾರ್. ಅಂದ್ರೆ ಈಗ ಕಪ್ಪಾಗಿರೋದೆಲ್ಲ ಮೊದಲು ಕುಂಕುಮಾನೇ. ಕಪ್ಪು ಎಲ್ಲಿದೆಯೋ ಅಲ್ಲೆಲ್ಲಾ ಕುಂಕುಮ ಇಡು ಅಂತ ಒಂದೇ ಸಲ ಹೇಳ್ಬೋದು." ಬೇರೆ ಪತ್ರಿಕೆಯಿಂದ ಹಳೆಯ ಕುಂಕುಮವನ್ನು ತಂದು ಕೂರಿಸಿದಳು. "ಇನ್ನು ಒತ್ತೋದೊಂದೇ."

ಸೀತಮ್ಮನವರು ಬಾಗಿಲ ಕಡೆ ಎರಡು ಹೆಜ್ಜೆ ಸರಿದರು. ಗೌರಮ್ಮ ಅವರ ರಟ್ಟೆ ಹಿಡಿದರು.

"ಎಲ್ಲಿಗ್ ಹೊರಟ್ರಿ? ನೀವೇ ಒತ್ತಿ."

"ನಾನು ಬೇಡ ಗೌರಮ್ಮ. ಮುತ್ತೈದೆ ನೀವಿದ್ದೀರಿ, ಇಲ್ಲಾಂದ್ರೆ ಈ ಹುಡುಗಿ..."

"ಅಯ್ಯೋ, ನಂಗೆ ಇನ್ನೂ ಬಳೆಯವರ ಹತ್ರ ಹೋಗ್ಬೇಕು, ಅಡುಗೆಯವರ ಹತ್ರ ಹೋಗ್ಬೇಕು. ಶಾಸ್ತ್ರ ಮಾತಾಡ್ತಾ ನಿಂತ್ರೆ ಮದ್ವೇನೇ ಮುಗ್ದೋಗತ್ತೆ. ಅಳಿಸೋವಾಗ ಯಾರನ್ನ ಕೇಳಿದ್ರಿ? ಒತ್ತಿ!"

ಒತ್ತಿದರು. ಗಣಪತಿ, ಹೆಸರು, ಮುಹೂರ್ತ ಎಲ್ಲ ಒಟ್ಟಿಗೇ ಕೆಂಪಾದವು. ಸೀತಮ್ಮನವರು ಮೌಸಿನಿಂದ ಕೈ ತೆಗೆದು ಸೀರೆಗೆ ಒರೆಸಿಕೊಂಡರು. ಕೈಗೆ ಏನೂ ಅಂಟಿರಲಿಲ್ಲ, ಆದರೂ ಒರೆಸಿಕೊಂಡರು.

ಗೌರಮ್ಮ ಹೋದ ಮೇಲೆ ಶಶಿಕುಮಾರ್ ಸೀತಮ್ಮನವರ ಕಡೆ ತಿರುಗಿದ. ಸೀತಮ್ಮನವರು ಆಗಲೇ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರು. ಬೈಸಿಕೊಂಡು ಹೋಗುವುದಕ್ಕಿಂತ ಹೊರಟು ನಿಂತು ಬೈಸಿಕೊಳ್ಳುವುದು ಮರ್ಯಾದೆ ಎಂಬುದು ಅವರ ಲೆಕ್ಕ.

"ಬ್ಯಾಗ್ ಇಡಿ" ಎಂದ ಅವನು. "ತೆಗೆದು ನೋಡ್ದೆ ಕಳಿಸಿದ್ದು ನಂದೂ ತಪ್ಪೇ. ಕುರ್ಚಿ ನಿಮ್ದೇ. ಆದ್ರೆ ಮದ್ವೆ ಪತ್ರಿಕೆ ಮುಟ್ಟೋ ಹಾಗಿಲ್ಲ. ವೈಕುಂಠ ಸಮಾರಾಧನೆ ಪತ್ರಿಕೆ ಬರ್ತಾವಲ್ಲ, ಅದಷ್ಟೂ ನೀವು ನೋಡ್ಕೊಳ್ಳಿ. ಒಂದೇ ಬಣ್ಣ, ಕಪ್ಪು. ಏನ್ ಒತ್ತಿದ್ರೂ ತಪ್ಪಾಗಲ್ಲ."

ಸಮೀಕ್ಷಾ ನಗು ತಡೆಯಲಾರದೆ, ನೋಯುವ ಹಲ್ಲನ್ನು ಕೈಯಲ್ಲಿ ಒತ್ತಿ ಹಿಡಿದು ಹೊರಗೆ ಓಡಿದಳು.

ಸಂಜೆ ಬಸ್ಸಿನಲ್ಲಿ ಪಕ್ಕದ ಮನೆಯ ಚನ್ನಕ್ಕ ಸಿಕ್ಕಿ, "ಏನಕ್ಕಾ, ಇವತ್ತು ಭಾಳ ಖುಷಿಯಾಗಿದ್ದೀರಿ?" ಎಂದು ಕೇಳಿದಳು.

"ಪ್ರಮೋಷನ್ ಆಯ್ತು ಕಣೇ" ಎಂದರು ಸೀತಮ್ಮನವರು. "ಮದ್ವೆಯಿಂದ ತಿಥಿಗೆ. ಈ ವಯಸ್ಸಿಗೆ ಇನ್ನೆಲ್ಲಿಗೆ ಆಗತ್ತೆ ಹೇಳು?"