ಹಾಲು ಕರೆಯುವ ಹೊತ್ತಿಗೆ ವಾಲುತ್ತಿದ್ದ ವಿಮಾನ

ಹೋದ ವರ್ಷ ಯುಗಾದಿ ಮುಗಿದು ಬಿಸಿಲು ಏರತೊಡಗಿದ್ದ ದಿನಗಳ ಮಾತಿದು. ನಮ್ಮದು ಪಾಂಡವಪುರದಿಂದ ಮೇಲುಕೋಟೆ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿ. ಮನೆಯಲ್ಲಿ ನಾನು, ನನ್ನ ಗಂಡ ರವಿ, ನಮ್ಮತ್ತೆ ತಾಯಮ್ಮ ಮೂರೇ ಜನ. ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು. ರವಿ ಶ್ರೀರಂಗಪಟ್ಟಣದ ಟ್ರಾಕ್ಟರ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ನಾನು ಪಾಂಡವಪುರದ ಕೆಲವು ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ.

ಅದು ಹಗಲಿನ ಕೆಲಸ. ಸಂಜೆ ನಾನು ಯುದ್ಧವಿಮಾನ ಓಡಿಸುತ್ತೇನೆ. ನಗಬೇಡಿ. ಕಂಪ್ಯೂಟರಿನಲ್ಲೇ ಓಡಿಸುವುದಾದರೂ ಇದು ಮಕ್ಕಳಾಟವಲ್ಲ. ನಿಜವಾದ ವಿಮಾನದಲ್ಲಿ ಎಷ್ಟು ಸ್ವಿಚ್ಚು ಇರುತ್ತವೋ ಇದರಲ್ಲೂ ಅಷ್ಟೇ ಇರುತ್ತವೆ. ಬ್ಯಾಟರಿ, ಜನರೇಟರು, ಇಂಧನದ ಪಂಪು ಎಂದು ಒಂದಾದ ಮೇಲೊಂದು ಸರಿಯಾದ ಕ್ರಮದಲ್ಲಿ ಹಾಕದಿದ್ದರೆ ಎಂಜಿನ್ನು ಏಳುವುದೇ ಇಲ್ಲ. ಹಾರುವಾಗ ಎಣ್ಣೆ ಸೋರಬಹುದು, ಬೆಂಕಿ ಹೊತ್ತಿಕೊಳ್ಳಬಹುದು. ಏನು ಕೆಟ್ಟಿದೆ ಎಂದು ನಾವೇ ಕಂಡುಹಿಡಿದು ವಿಮಾನ ಉಳಿಸಿಕೊಳ್ಳಬೇಕು. ಕೈಗೆ ಒಂದು ಸ್ಟಿಕ್ಕು, ವೇಗಕ್ಕೆ ಇನ್ನೊಂದು ಹಿಡಿ, ಮೂತಿಯನ್ನು ಎಡಬಲ ತಿರುಗಿಸಲು ಕಾಲಿಗೆ ಪೆಡಲ್ಲು. ಆ ಪೆಡಲ್ಲನ್ನು ಪಾಂಡವಪುರದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದಲ್ಲಿ ಮಾಡಿಸಿ, ಜಾರದಿರಲಿ ಎಂದು ಸಿಮೆಂಟ್ ನೆಲಕ್ಕೆ ಬೋಲ್ಟ್ ಹಾಕಿಸಿದ್ದೆ. ಚಿಕ್ಕಂದಿನಿಂದ ನನಗೆ ವಿಮಾನದ ಹುಚ್ಚು. ಕಿಕ್ಕೇರಿಯ ತವರಿನಲ್ಲಿ ಆಕಾಶ ನೋಡಿಕೊಂಡು ಹೋಗಿ ತಿಪ್ಪೆಗುಂಡಿಗೆ ಬಿದ್ದವಳು ನಾನು.

ನಮ್ಮತ್ತೆಗೆ ಇದೆಲ್ಲ ತಮಾಷೆ. ಯಾರಾದರೂ ಮನೆಗೆ ಬಂದು ನನ್ನನ್ನು ಕೇಳಿದರೆ, "ಅವ್ಳಾ? ಇಮಾನ ಅತ್ಕೊಂಡು ಓಗವ್ಳೆ. ಇಳುದ್ಮೇಲೆ ಕಾಫಿ ಕಾಸ್ಕೊಡ್ತಾಳೆ, ಕೂತ್ಕಳಿ," ಎನ್ನುತ್ತಿದ್ದರು. ಬೇರೆ ಬೇರೆ ಊರಿನ ಆರೇಳು ಜನ ನಾವು ಸಂಜೆ ಹೊತ್ತು ಇಂಟರ್‌ನೆಟ್ಟಿನಲ್ಲಿ ಸೇರಿ ಒಟ್ಟಿಗೆ ಹಾರುತ್ತೇವೆ. ಗುಂಪಿಗೆ ಮುಖ್ಯಸ್ಥರು ಧಾರವಾಡದ ಕುಲಕರ್ಣಿ ಸರ್, ನಿವೃತ್ತ ಬ್ಯಾಂಕ್ ನೌಕರರು. ನಾವು ಸೇರುವ ಹೊತ್ತೂ ಅತ್ತೆ ಹಾಲು ಕರೆಯುವ ಹೊತ್ತೂ ಒಂದೇ. ಮೊದಲು ಸಂಜೆಯ ಹಾಲು ನಾನೇ ಕರೆಯುತ್ತಿದ್ದೆ. ಹಾಲು ಕರೆಯುವ ಮಿಷನ್ ಬಂದ ಮೇಲೆ ಅತ್ತೆ ಅದನ್ನು ತಾವೇ ವಹಿಸಿಕೊಂಡಿದ್ದರು.

ಆ ಬೇಸಿಗೆಯಲ್ಲಿ ಎರಡು ತೊಂದರೆ ಒಟ್ಟಿಗೆ ಶುರುವಾದವು. ಹಸುಗಳು ಹಾಲು ಕಡಿಮೆ ಮಾಡಿದವು. ತೊಟ್ಟಿಯ ನೀರಿಗೆ ಬಾಯಿ ಹಾಕಿ ಛಕ್ಕನೆ ಹಿಂದೆ ಸರಿಯುತ್ತಿದ್ದವು, ಕರೆಯಲು ಹೋದರೆ ಒದೆಯುತ್ತಿದ್ದವು. ದನದ ಡಾಕ್ಟರು ಬಂದು ನೋಡಿ, ಕೆಚ್ಚಲು ಚೆನ್ನಾಗಿದೆ, ಬಿಸಿಲಿನ ತಾಪ ಇರಬೇಕು ಎಂದರು. ಅತ್ತೆ ಒಪ್ಪಲಿಲ್ಲ. "ಯಾರ್ದೋ ಕಣ್ಣಾಗೈತೆ," ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

ಇತ್ತ ನನ್ನ ವಿಮಾನಕ್ಕೂ ಯಾರದೋ ಕಣ್ಣು ಬಿದ್ದಿತ್ತು. ನೆಟ್ಟಗೆ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಎಡಕ್ಕೆ ಮೂತಿ ತಿರುಗಿಸಿ ವಾಲಿಬಿಡುತ್ತಿತ್ತು. ಒಮ್ಮೆ ಪಕ್ಕದಲ್ಲೇ ಹಾರುತ್ತಿದ್ದ ಕುಲಕರ್ಣಿ ಸರ್ ವಿಮಾನಕ್ಕೇ ಗುದ್ದಿದೆ, ಇಬ್ಬರೂ ಉರಿದುಹೋದೆವು. ನನಗೆ ಸಿಟ್ಟು ಬಂದರೆ ತಡೆಯುವುದು ಕಷ್ಟ. ಸ್ಟಿಕ್ಕು ಕುಕ್ಕಿ ಎದ್ದೆ.

"ಸಿಟ್ಟ ಮಾಡ್ಕೋಬ್ಯಾಡ್ರಿ ಮೇಡಂ," ಎಂದರು ಅವರು ಹೆಡ್‌ಫೋನಿನಲ್ಲಿ. "ಕೆಟ್ಟಿದ್ದು ವಿಮಾನೋ, ಪೆಡಲ್ಲೋ, ಕಂಪ್ಯೂಟರೋ, ಅದನ್ನ ಮೊದಲ ಗೊತ್ತಮಾಡ್ಕೋರಿ. ಒಂದ್ ಸಲಕ್ಕ ಒಂದ ಬದಲ ಮಾಡಿ ನೋಡ್ರಿ. ಎಲ್ಲಾ ಕೂಡಿ ಬಿಚ್ಚಿದ್ರ ಏನೂ ತಿಳಿಯಂಗಿಲ್ಲ."

ಹಾಗೇ ಮಾಡಿದೆ. ವಿಮಾನ ಬದಲಿಸಿದೆ, ಅದೂ ವಾಲಿತು. ಅಂದರೆ ವಿಮಾನದ ತಪ್ಪಲ್ಲ. ಪೆಡಲ್ಲಿನ ವೈರು ಬದಲಿಸಿದೆ, ಒಳಗಿನ ಸೆನ್ಸರನ್ನು ಬಿಚ್ಚಿ ಒರೆಸಿ ಹಾಕಿದೆ. ಮಧ್ಯಾಹ್ನ ಪರೀಕ್ಷೆ ಮಾಡಿದರೆ ಎಲ್ಲ ಸರಿ, ಸಂಜೆ ಮತ್ತೆ ಅದೇ ಕಥೆ. ಪೆಡಲ್ಲು ಎಷ್ಟು ಒತ್ತಿದೆ ಎಂದು ತೋರಿಸುವ ಒಂದು ಪಟ್ಟಿ ಪರದೆಯ ಮೇಲೆ ಬರುತ್ತದೆ. ಕಾಲು ತೆಗೆದಿದ್ದರೂ ಆ ಪಟ್ಟಿ ತನ್ನಷ್ಟಕ್ಕೆ ಕುಣಿಯುತ್ತಿತ್ತು.

ಒಂದು ಸಂಜೆ ಹಾರಲು ಹೋಗದೆ ಆ ಪಟ್ಟಿಯನ್ನೇ ನೋಡುತ್ತಾ ಕೂತೆ. ಪಟ್ಟಿ ಅಲುಗಾಡದೆ ನಿಂತಿತ್ತು. ಹಿತ್ತಲ ಕೊಟ್ಟಿಗೆಯಲ್ಲಿ ಅತ್ತೆ ಮಿಷನ್ ಹಾಕಿದ ಸದ್ದು ಬಂತು, ಪಟ್ಟಿ ಕುಣಿಯತೊಡಗಿತು. ಒಂದು ಹಸುವಿನಿಂದ ಇನ್ನೊಂದಕ್ಕೆ ಬದಲಿಸಲು ಅವರು ಮಿಷನ್ ನಿಲ್ಲಿಸಿದರು, ಪಟ್ಟಿಯೂ ನಿಂತಿತು. ಮತ್ತೆ ಹಾಕಿದರು, ಮತ್ತೆ ಕುಣಿಯಿತು. ಕಳ್ಳ ಸಿಕ್ಕಿದ ಎಂದು ನನಗೆ ಖುಷಿಯೋ ಖುಷಿ. ಕಂಪ್ಯೂಟರಿನ ಯುಪಿಎಸ್ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಬ್ಯಾಟರಿಯಲ್ಲೇ ಓಡಿಸಿದೆ. ಮಿಷನ್ ಓಡುತ್ತಿದ್ದರೂ ಪಟ್ಟಿ ಅಲ್ಲಾಡಲಿಲ್ಲ. ಪ್ಲಗ್ಗು ಮತ್ತೆ ಚುಚ್ಚಿ, ಚಪ್ಪಲಿ ಬಿಟ್ಟು ಬರಿಗಾಲನ್ನು ಪೆಡಲ್ಲಿನ ಕಬ್ಬಿಣದ ಮೇಲಿಟ್ಟೆ.

ಜುಮ್ಮೆಂದಿತು. ಕಾಲಿನಿಂದ ಮೊಣಕಾಲವರೆಗೆ ಇರುವೆ ಹರಿದಂತಾಯಿತು.

ಪ್ಲಗ್ಗಿನ ಮೂರನೆಯ ಪಿನ್ನು, ಅಂದರೆ ಅರ್ಥ್, ನಮ್ಮನ್ನು ಕಾಯಬೇಕಾದದ್ದು. ಅದರಲ್ಲೇ ಕರೆಂಟು ಬಂದು ಕಂಪ್ಯೂಟರಿನ ಮೂಲಕ ಪೆಡಲ್ಲಿಗೆ ಇಳಿಯುತ್ತಿದೆ. ಆ ವೈರು ಮನೆಯಿಂದ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ರವಿಗೆ ಫೋನ್ ಮಾಡಿದೆ.

"ರೀ, ನಮ್ಮನೆ ಅರ್ಥ್ ಎಲ್ಲಿಗೆ ಕೊಟ್ಟವ್ರೆ?"

"ಕೊಟ್ಗೆ ಪೈಪಿಗೆ. ಯಾಕಮ್ಮಿ?"

"ಆ ಪೈಪಿಗೆ ಬರೀ ಅರ್ಥ್ ತಾನೆ ಕಟ್ಟಿರೋದು?"

"ಇಲ್ಲ. ಕಂಬದಿಂದ ಬರೋ ನ್ಯೂಟ್ರಲ್ ಸಡ್ಲ ಆಗಿತ್ತಲ್ಲ, ಮಿಷನ್ ಏಳ್ತಿರ್ಲಿಲ್ಲ. ವೈರಿಂಗ್ ಮಾಡೋನು ಅದ್ನೂ ಆ ಪೈಪಿಗೇ ಕಟ್ಟಿ ಓದ. ಸಕತ್ತಾಗಿ ಓಡ್ತಾ ಐತಲ್ಲ. ನಮ್ ಬೀದೀಲಿ ಎಲ್ರೂ ಅಂಗೇ ಮಾಡ್ಸಿರೋದು."

ಓದುಗರಿಗೆ ಇಷ್ಟು ಹೇಳಿಬಿಡುತ್ತೇನೆ. ಮನೆಗೆ ಕರೆಂಟು ಒಂದು ತಂತಿಯಲ್ಲಿ ಬಂದು, ನ್ಯೂಟ್ರಲ್ ಎಂಬ ಇನ್ನೊಂದು ತಂತಿಯಲ್ಲಿ ವಾಪಸ್ಸು ಹೋಗಬೇಕು. ಆ ತಂತಿ ಕೈಕೊಟ್ಟಾಗ ನಮ್ಮ ಕಡೆ ಕಂಬದವರೆಗೆ ಹೋಗಿ ಸರಿಮಾಡಿಸುವ ಬದಲು ನೆಲಕ್ಕೆ ಹೂತ ಪೈಪಿಗೆ ಕಟ್ಟಿ ಕರೆಂಟನ್ನು ಭೂಮಿಗೇ ಬಿಡುತ್ತಾರೆ. ಮಳೆಗಾಲದ ಹಸಿ ಮಣ್ಣು ಅದನ್ನು ಕುಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿತೋ, ಕರೆಂಟು ಇಳಿಯಲು ಜಾಗವಿಲ್ಲದೆ ಪೈಪಿನಲ್ಲೇ ನಿಲ್ಲುತ್ತದೆ. ನಮ್ಮ ಆ ಪೈಪಿಗೇ ನೀರಿನ ತೊಟ್ಟಿಯ ನಲ್ಲಿ ಇತ್ತು. ಹಸು ಕಟ್ಟುವ ಕಬ್ಬಿಣದ ಕಂಬಿಯನ್ನೂ ಅದಕ್ಕೇ ವೆಲ್ಡ್ ಮಾಡಿಸಿದ್ದೆವು. ಅತ್ತೆ ಅಲ್ಲಿ ಬರಿಗಾಲಿನಲ್ಲಿ ನಿಂತಿದ್ದರು. ಕೊಟ್ಟಿಗೆಯಲ್ಲಿ ಲಕ್ಷ್ಮಿ ಇರುತ್ತಾಳೆ, ಚಪ್ಪಲಿ ಮೆಟ್ಟಿಕೊಂಡು ಹೋಗಬಾರದು ಎಂದು ಅವರು ನೆಲ ತೊಳೆದು, ಬರಿಗಾಲಿನಲ್ಲೇ ಹಾಲು ಕರೆಯುವವರು.

ಫೋನು ಎಲ್ಲಿ ಎಸೆದೆನೋ ಗೊತ್ತಿಲ್ಲ, ಹಿತ್ತಲಿಗೆ ಓಡಿದೆ. "ಅತ್ತೆ, ಏನೂ ಮುಟ್ಬೇಡಿ," ಎಂದು ಕೂಗಿದೆ. ಉತ್ತರ ಬರಲಿಲ್ಲ. ಮಿಷನ್ ದಡದಡ ಎನ್ನುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದರೆ ದೊಡ್ಡ ಹಸು ಮುಂಗಾಲು ಮಡಚಿ ತೊಟ್ಟಿಯ ಮುಂದೆ ಕುಸಿದಿತ್ತು. ಅತ್ತೆ ಅದನ್ನು ಎಬ್ಬಿಸಲು ಬಗ್ಗಿ ಕಂಬಿಯ ಸರಪಳಿಗೆ ಕೈ ಹಾಕಿದ್ದರು. ಬಗ್ಗಿದವರು ಹಾಗೇ ಇದ್ದರು. ಕೈ ಸರಪಳಿ ಬಿಡುತ್ತಿರಲಿಲ್ಲ. ಬಾಯಿ ತೆರೆದಿತ್ತು, ಸದ್ದಿಲ್ಲ. ಕಣ್ಣು ಮಾತ್ರ ನನ್ನ ಕಡೆ ಹೊರಳಿತು.

ಅವರನ್ನು ಹಿಡಿದು ಎಳೆಯಲು ಕೈ ಚಾಚಿಯೇಬಿಟ್ಟಿದ್ದೆ. ಮುಟ್ಟಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಏನು ತಡೆಯಿತೋ ಏನೋ. ವಿಮಾನಕ್ಕೆ ಬೆಂಕಿ ಬಿದ್ದರೆ ಮೊದಲು ಇಂಧನ ಕತ್ತರಿಸು, ಮಿಕ್ಕದ್ದೆಲ್ಲ ಆಮೇಲೆ ಎಂದು ನೂರಾರು ಸಲ ಮಾಡಿದ್ದ ಕೈ ಅದು, ತಾನಾಗಿ ಹಿಂದಕ್ಕೆ ಬಂತು. ಜಗಲಿಗೆ ಓಡಿ ಮೀಟರ್ ಬೋರ್ಡಿನ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದೆ. ಮಿಷನ್ ನಿಂತಿತು. ವಾಪಸ್ಸು ಬರುವಷ್ಟರಲ್ಲಿ ಅತ್ತೆ ಒದ್ದೆ ನೆಲದ ಮೇಲೆ ಕೂತುಬಿಟ್ಟಿದ್ದರು. ಅಂಗೈ ಕೆಂಪಗೆ ಬೆಂದಿತ್ತು. ನಾನು ಅವರನ್ನು ತಬ್ಬಿಕೊಂಡರೆ ಅವರು ಏದುಸಿರು ಬಿಡುತ್ತಾ, "ನಂಗೇನಾಗಿಲ್ಲ ಬುಡು. ಹಸ ನೋಡಮ್ಮಿ, ಹಸ ನೋಡು," ಎಂದರು. ಹಸು ಅಷ್ಟರಲ್ಲಿ ಎದ್ದು ನಿಂತು ನಮ್ಮಿಬ್ಬರನ್ನು ನೋಡುತ್ತಿತ್ತು.

ಪಾಂಡವಪುರದ ಆಸ್ಪತ್ರೆಯಲ್ಲಿ ಎದೆಯ ಪರೀಕ್ಷೆ ಮಾಡಿ, ಕೈಗೆ ಪಟ್ಟಿ ಕಟ್ಟಿ, ದೇವರು ದೊಡ್ಡವನು ಎಂದು ಕಳಿಸಿದರು. ಮರುದಿನ ಬೆಳಿಗ್ಗೆ ಲೈನ್‌ಮ್ಯಾನ್ ಬಂದರು. ನಮ್ಮನ್ನೆಲ್ಲ ದೂರ ನಿಲ್ಲಿಸಿ, ಒಂದು ಬಲ್ಬಿನ ಒಂದು ವೈರನ್ನು ಆ ಪೈಪಿಗೂ ಇನ್ನೊಂದನ್ನು ದೂರದ ಹಸಿ ಮಣ್ಣಿಗೆ ಚುಚ್ಚಿದ ಸಲಾಕೆಗೂ ಕೊಟ್ಟು ಮಿಷನ್ ಹಾಕಿಸಿದರು. ಬಲ್ಬು ಹತ್ತಿಕೊಂಡಿತು. ನೀರು ಕುಡಿಯುವ ತೊಟ್ಟಿಯ ನಲ್ಲಿಯಿಂದ ಬಲ್ಬು ಉರಿಯುವುದನ್ನು ನೋಡಿ ರವಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬೀದಿಯವರು ಒಬ್ಬೊಬ್ಬರಾಗಿ ಅವಸರದಲ್ಲಿ ಮನೆಗೆ ಹೋದರು. ಆ ದಿನವೇ ಕಂಬದ ತಂತಿ ಸರಿಯಾಯಿತು, ಬೀದಿಯ ಎಲ್ಲ ಪೈಪುಗಳಿಂದಲೂ ವೈರು ಬಿಚ್ಚಿದರು.

ಎಲ್ಲರೂ ಹೋದ ಮೇಲೆ ಜಗಲಿಯಲ್ಲಿ ಅತ್ತೆಗೆ ನಾನೇ ಮುದ್ದೆ ಮುರಿದು ತಿನ್ನಿಸುತ್ತಿದ್ದೆ. ಹೆದರಿಕೆ ಇಳಿದು ನನ್ನ ಸಿಟ್ಟು ಏರಿತ್ತು. "ಅಲ್ಲಾ ಅತ್ತೆ, ಹಸಕ್ಕೇ ಗೊತ್ತಾಗೈತೆ. ನಿಮ್ಗೆ ಇಷ್ಟು ದಿನ ಏನೂ ಅನ್ನಿಸ್ಲಿಲ್ವಾ?"

"ಅನ್ನಿಸ್ದೆ ಏನಮ್ಮಿ," ಎಂದರು, ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟು ಸಲೀಸಾಗಿ. "ಮುಟ್ಟಿದ್ರೆ ಜುಮ್ಮಂತಿತ್ತು. ಒಂದೊಂದ್ ದಿನ ತೋಳ್ಗಂಟ ಬತ್ತಿತ್ತು. ಮಳೆ ಬಂದ್ರೆ ಸರಿ ಓಯ್ತದೆ ಅಂತ ಸುಮ್ಕಿದ್ದೆ."

"ಹೇಳ್ಬಾರ್ದಾ? ಬಾಯಿರ್ಲಿಲ್ವಾ ನಿಮ್ಗೆ?" ನಾನು ಕೂಗಿಯೇಬಿಟ್ಟೆ.

"ಯೋಳಿದ್ರೆ ನಿನ್ ಗಂಡ ಮಿಷನ್ ಎತ್ತಿ ಆಚೆ ಮಡಗ್ತಿದ್ದ. ನನ್ ಬೆಳ್ಳು ಮಡ್ಚಾಕೇ ಆಗಾಕಿಲ್ಲ, ಕೈಲಿ ಎಲ್ಲಿ ಕರೀಲಿ? ಸಂಜೆ ಆಲು ನೀನೇ ಕರೀಬೇಕಾಯ್ತಿತ್ತು. ಆ ವೊತ್ಗೆ ತಾನೆ ನಿಮ್ ಇಮಾನ್ದೋರೆಲ್ಲ ಸೇರಾದು? ದಿನಾ ಪೂರ್ತಿ ಯಾರ್ದೋ ಲೆಕ್ಕ ಬರ್ಕಂಡು ಮಕ ಗಂಟಾಕ್ಕಂಡಿರ್ತೀಯ. ಅದ್ರ ಮುಂದೆ ಕೂತಾಗ್ಲೇ ಸ್ಯಾನೆ ಚೆಂದಾಗಿರ್ತೀಯ ನೀನು."

ನನ್ನ ಕೈಯಲ್ಲಿದ್ದ ಮುದ್ದೆಯ ತುತ್ತು ಕೈಯಲ್ಲೇ ಉಳಿಯಿತು. ಹಿಂದಿನ ದಿನ ಸರಪಳಿಗೆ ಅಂಟಿದ ಅವರ ಕೈ ನೋಡಿದಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ಆಮೇಲೆ ಬೈದೆ, ಬೈಯುತ್ತಲೇ ಅತ್ತುಬಿಟ್ಟೆ. ಅವರು ಎಡಗೈಯಿಂದ ನನ್ನ ಕೆನ್ನೆ ಒರೆಸಿ, "ಸಾರು ಆರೋಯ್ತದೆ, ತಿನ್ಸು," ಎಂದರು.

ಅವರ ಅಂಗೈ ಈಗ ವಾಸಿಯಾಗಿದೆ. ನಾನು ಸಂಜೆ ಹಾಲು ಕರೆದೇ ಹಾರಲು ಕೂರುತ್ತೇನೆ, ನಮ್ಮ ಗುಂಪಿನವರು ನನಗಾಗಿ ಸ್ವಲ್ಪ ತಡವಾಗಿ ಸೇರುತ್ತಾರೆ. ದಿನಾ ಒಂದು ಸಲವಾದರೂ ನಾನು ಅವರನ್ನು ಕೇಳುತ್ತೇನೆ, "ಅತ್ತೆ, ನೋವೇನಾದ್ರೂ ಐತಾ?" "ಏನೂ ಇಲ್ಲ ಕಣಮ್ಮಿ," ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಈಗಲೂ ಭಯವಾಗುತ್ತದೆ.