ಎತೆಲ್ವಿನಾ ಕಂಬ ತಟ್ಟಿ ನೋಡಿದ್ದು

ಮಾರ್ಕಾಲದ ಗುಡ್ಡದ ಮೇಲೆ ಬೆಲಾರ್ಮಿನೋ ಕಟ್ಟಿಕೊಂಡ ಮನೆಗೆ ಹೊರಗಿನಿಂದ ಬಂದದ್ದು ಮೊಳೆ ಮತ್ತು ಹೆಂಚು ಮಾತ್ರ. ಕಂಬ, ತೊಲೆ, ಬಾಗಿಲುಗಳೆಲ್ಲ ಕಾಫಿ ಗಿಡಗಳ ನೆರಳಿಗೆಂದು ಅವನೇ ನೆಟ್ಟು ಬೆಳೆಸಿದ ಲಾರೆಲ್ ಮರಗಳವು. ಆ ಮರಗಳು ಎಷ್ಟು ಎತ್ತರವೆಂದರೆ, ತುದಿಗೆ ಹತ್ತಿದ ಅಳಿಲು ಇಳಿದು ಬರುವಷ್ಟರಲ್ಲಿ ಮೊಮ್ಮಕ್ಕಳನ್ನು ಕಂಡಿರುತ್ತಿತ್ತು. ಅವನ ಕಾಫಿಯೂ ಅಷ್ಟೇ ಖಡಕ್. ಅದರ ಗಸಿ ತಿಂದ ಹುಂಜ ಮೂರು ದಿನ ಕೂಗುತ್ತಲೇ ಇದ್ದು ಸೂರ್ಯನನ್ನು ಮುಳುಗಲು ಬಿಡಲಿಲ್ಲ.

ಅರವತ್ತೆರಡರ ವಯಸ್ಸಿನಲ್ಲಿ ಈ ವಿಧುರ ಕೆಳಗಿನ ಊರಿನ ಎತೆಲ್ವಿನಾಳನ್ನು ಮದುವೆಗೆ ಕೇಳಿದ. ಅವಳು ಮರ ಕೊಯ್ಯುವವನ ವಿಧವೆ.

"ಮೊದ್ಲು ಮನೆ ನೋಡ್ತೀನಿ. ನಿಮ್ಮನ್ನ ನೋಡೋದು ಆಮೇಲೆ" ಎಂದವಳು ಭಾನುವಾರ ಇಗರ್ಜಿಯಿಂದ ನೇರ ಗುಡ್ಡ ಹತ್ತಿದಳು.

ಬಂದವಳು ಕೂರಲಿಲ್ಲ. ಬೆರಳ ಗೆಣ್ಣಿನಿಂದ ಕಂಬಗಳನ್ನು ಒಂದೊಂದಾಗಿ ತಟ್ಟಿ, ಕಿವಿಗೊಟ್ಟು ಕೇಳತೊಡಗಿದಳು.

"ಎಲ್ಲಾ ಚಂದ್ರ ಇಳಿಯೋ ದಿನಗಳಲ್ಲೇ ಕಡಿದದ್ದು, ದೋನ್ಯಾ. ಹುಳ ಬಂದ್ರೆ ಹಲ್ಲು ಮುರ್ಕೊಂಡು ಹೋಗ್ಬೇಕು" ಎಂದ ಬೆಲಾರ್ಮಿನೋ, ಮರ್ಯಾದೆಗೆ 'ದೋನ್ಯಾ' ಸೇರಿಸಿ.

ಚಂದ್ರ ಬೆಳೆಯುವಾಗ ಕಡಿದ ಮರಕ್ಕೆ ಹುಳು ತಪ್ಪದು ಎಂಬುದು ಆ ಗುಡ್ಡದ ಹಸುಗೂಸಿಗೂ ಗೊತ್ತು.

ಅಡುಗೆಮನೆಯ ಮೂಲೆಗಂಬದ ಬಳಿ ಎತೆಲ್ವಿನಾ ಬಗ್ಗಿದಳು. ಎದ್ದಾಗ ಬೆರಳ ತುದಿಯಲ್ಲಿ ನುಣ್ಣನೆಯ ಪುಡಿ.

"ಇದೇನು ದೋನ್ ಬೆಲಾರ್ಮಿನೋ, ಜೋಳದ ಹಿಟ್ಟಾ?"

ಹೌದೆಂದು ಬಿಡಬಹುದಿತ್ತು, ಒಲೆ ಪಕ್ಕದಲ್ಲೇ ಇತ್ತು. ಆದರೆ ಕುಂಬಾರನಿಗೆ ಮಣ್ಣು ಮಾರಲಾದೀತೇ?

"ಅದೊಂದನ್ನ ಹುಣ್ಣಿಮೆಗೆ ಮುಂಚೆ ಕಡಿದೆ. ಮಳೆ ತಲೆ ಮೇಲೆ ಬಂದಿತ್ತು. ನಿಮ್ಮ ಹತ್ರ ಸುಳ್ಳು ಹೇಳಿದೆ."

"ಕಂಬ ಬದ್ಲಾಯಿಸ್ಬಹುದು. ಸುಳ್ಳನ್ನ?"

"ಅದನ್ನ ಈಗಷ್ಟೇ ಕಿತ್ತು ಹಾಕಿದ್ನಲ್ಲ!"

ಅವಳ ತುಟಿಯಂಚು ಅಲುಗಿತು. "ಹೊಸ ಕಂಬಕ್ಕೆ ಮರ ಎಲ್ಲಿದೆ? ದೊಡ್ಡ ಲಾರೆಲ್ ಎಲ್ಲಾ ಈ ಮನೆಗೇ ಹೋಯ್ತು, ಉಳಿದಿರೋವೆಲ್ಲಾ ನನ್ನ ತೋಳಿನ ಗಾತ್ರ."

ಅವನು ಹಿತ್ತಲಿನ ಸೆದ್ರೋ ಮರ ತೋರಿಸಿದ. ಮೂವತ್ತು ವರ್ಷದ ಮರ.

"ಅಯ್ಯೋ, ಅದು ನಿಮ್ಮ ಶವಪೆಟ್ಟಿಗೆಗೆ ಇಟ್ಟಿದ್ದು! ಊರಿಗೆಲ್ಲಾ ಗೊತ್ತು."

"ಇನ್ನೊಂದು ನೆಡ್ತೀನಿ. ಅದು ಬೆಳೆಯೋಕೆ ಮತ್ತೆ ಮೂವತ್ತು ವರ್ಷ. ಅಲ್ಲೀವರೆಗೆ ಸಾಯೋ ಹಾಗೇ ಇಲ್ಲ."

ಎತೆಲ್ವಿನಾ ಆಗ ಬೆಂಚಿನ ಮೇಲೆ ಕುಳಿತಳು.

"ಕಾಫಿ ಕೊಡಿ. ಚಂದ್ರ ಇಳಿಯೋವಾಗ ಕಡೀರಿ, ನಾನೇ ನಿಂತು ನೋಡ್ತೀನಿ. ಚೆನ್ನಾಗಿ ಒಣಗಿಸಿ ಕಂಬ ನಿಲ್ಸಿ. ನಿಲ್ಸಿದ ಮರುದಿನ ಪಾದ್ರಿ ಹತ್ರ ಹೋಗೋಣ."

"ಒಣಗೋಕೇ ಮೂರು ತಿಂಗಳು ಬೇಕಲ್ಲ, ದೋನ್ಯಾ!"

"ಮೂವತ್ತು ವರ್ಷ ಬದುಕೋರಿಗೆ ಮೂರು ತಿಂಗಳು ಯಾವ ಮಹಾ?"