ಹೆಟ್ಟಿ ಬರೆದ ಮೊದಲ ನೋಟಿಸು

ಹೆಟ್ಟಿ ಕ್ರಾಬ್‌ಟ್ರೀಗೆ ಬಾಡಿಗೆ ಮನೆಗಳ ಇನ್‌ಸ್ಪೆಕ್ಟರ್ ಆಗುವ ಹಟ ಹುಟ್ಟಿದ್ದು ಪುಸ್ತಕ ಓದಿ ಅಲ್ಲ. ಇಂಗ್ಲೆಂಡಿನ ಲ್ಯಾಂಕಾಷೈರಿನ ಒಂದು ಗಿರಣಿ ಊರಿನಲ್ಲಿ ಅವಳು ಬೆಳೆದದ್ದೇ ಬೂಷ್ಟು ಹಿಡಿದ ಬಾಡಿಗೆ ಕೋಣೆಗಳಲ್ಲಿ. ಬಿಸ್ಕತ್ತು ಕಾರ್ಖಾನೆಯ ಕೆಲಸ ಬಿಟ್ಟು ಪುರಸಭೆಯಲ್ಲಿ ತರಬೇತಿಗೆ ಸೇರಿದಳು. ಗೋಡೆಗೆ ತೇವದ ಮೀಟರ್ ಒತ್ತುವುದು, ಮೆಟ್ಟಿಲು ಅಳೆಯುವುದು, ಮಾಲೀಕ ಕೊಟ್ಟ ಚಹಾ ಬೇಡವೆನ್ನುವುದು, ಎಲ್ಲ ಕಲಿತಳು. ಇನ್ನು ಒಂದೇ ಒಂದು ತಪಾಸಣೆ ತಾನೇ ನಡೆಸಿ, ತರಬೇತಿ ಪುಸ್ತಕಕ್ಕೆ ಮೇಲಧಿಕಾರಿ ಗ್ರಿಮ್‌ಶಾನ ಸಹಿ ಬಿದ್ದರೆ ಕೆಲಸ ಕಾಯಂ.

ಆ ತಪಾಸಣೆಗೆ ಸಿಕ್ಕವಳು ಕೆರಿ. ಐದು ಬಾಡಿಗೆದಾರರಿದ್ದ ಮನೆಯ ಹಿಂದಿನ ಕೋಣೆಯಲ್ಲಿ ಏಳು ತಿಂಗಳ ಕೂಸಿನೊಂದಿಗೆ ಇದ್ದಳು. ಗೋಡೆ ಕಪ್ಪಾಗಿತ್ತು, ಕೂಸಿನ ಎದೆ ಗೊರಗೊರ ಅನ್ನುತ್ತಿತ್ತು.

"ನನ್ ಹೆಸ್ರು ಆಚೆ ಬಂದ್ರೆ ಮಾಲೀಕ ಬ್ರಯರ್ಲಿ ಅವತ್ತೇ ಬೀದಿಗ್ ಹಾಕ್ತಾನಕ್ಕಾ. ಕರಾರು ಪತ್ರಾನೂ ಇಲ್ಲ ನನ್ ಹತ್ರ," ಅಂದಳು, ಫೋನಿನಲ್ಲಿ ದೂರು ಹೇಳುತ್ತ.

"ಹೆಸ್ರು ಬರಲ್ಲ ಕಣೇ. ನನ್ನಾಣೆ."

ತಪಾಸಣೆಗೆ ಒಂದು ದಿನ ಮೊದಲೇ ಮಾಲೀಕನಿಗೆ ನೋಟಿಸು ಹೋಗಬೇಕು, ಅದು ಕಾನೂನು. ಹೆಟ್ಟಿ ಆಣೆ ತಪ್ಪಲಿಲ್ಲ, ಕೆರಿಯ ಹೆಸರನ್ನು ಎಲ್ಲೂ ಬರೆಯಲಿಲ್ಲ. ಆದರೆ ಎಲ್ಲವನ್ನೂ ಖಚಿತವಾಗಿ ಬರೆಯಬೇಕೆಂದು ಕಲಿತಿದ್ದಳಲ್ಲ, ಮಹಾರಾಯಗಿತ್ತಿ! "ಹಿಂದಿನ ಕೋಣೆ, ತೊಟ್ಟಿಲ ಮೇಲಿನ ಗೋಡೆ, ಕಪ್ಪು ಬೂಷ್ಟು" ಎಂದು ಬರೆದಳು. ಇಡೀ ಮನೆಯಲ್ಲಿ ಇದ್ದದ್ದು ಒಂದೇ ತೊಟ್ಟಿಲು. ಗ್ರಿಮ್‌ಶಾ ಓದಿ, ಅಚ್ಚುಕಟ್ಟಾಗಿದೆ ಅಂದ.

ಮರುದಿನ ಇಬ್ಬರೂ ಹೋದಾಗ ಕೆರಿ ಆ ಮನೆಯೆದುರು ಗಿಡ್ಡ ಗೋಡೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂಸಿನ ಗಾಡಿ, ಮೂರು ಕಸದ ಚೀಲಗಳಲ್ಲಿ ಬಟ್ಟೆಬರೆ.

"ಹೆಸ್ರೊಂದ್ ಬಿಟ್ಟು ಎಲ್ಲಾ ಬರ್ದಿದ್ಯಲ್ಲೇ! ಅಕ್ಕಾ ಅಂತ ಕರ್ದೆ ನಿನ್ನ."

ಹೆಟ್ಟಿ ಗ್ರಿಮ್‌ಶಾನ ಕಡೆ ತಿರುಗಿದಳು. ನಾಚಿಕೆಯಿಂದ ಸತ್ತೇ ಹೋಗಬೇಕೆನಿಸಿತು. "ಸರ್, ಹಿಂಗೆ ಆಚೆ ಹಾಕೋದು ಅಪರಾಧ ಅಲ್ವಾ?"

"ಅದು ಬೇರೆ ವಿಭಾಗ ಮಗಳೇ. ಅವ್ರ ಆಫೀಸ್ ಬಾಗಿಲು ತೆಗ್ಯೋದು ಗುರುವಾರ." ಗ್ರಿಮ್‌ಶಾ ಹುಬ್ಬೇರಿಸಿದ. "ತೊಟ್ಟಿಲು ಅಂತ ಇದ್ದಿದ್ದು ನಾನೂ ನೋಡ್ದೆ. ಕಲೀಲಿ ಅಂತ ಬಿಟ್ಟೆ. ಇನ್ ಜನ್ಮದಲ್ಲಿ ಮರೀತೀಯಾ?"

ಒಂದು ಪಾಠಕ್ಕೆ ಒಂದು ಕೂಸನ್ನು ಬೀದಿಗೆ ಹಾಕಿದ್ದ, ಪುಣ್ಯಾತ್ಮ.

ಒಳಗೆ ಬ್ರಯರ್ಲಿ ಟೋಪಿ ತೆಗೆದು ನಮ್ರವಾಗಿ ಸ್ವಾಗತಿಸಿದ. ಗೋಡೆ ಹಾಲಿನಷ್ಟು ಬಿಳಿಯಾಗಿತ್ತು. ಹೆಟ್ಟಿ ಮೀಟರ್ ಒತ್ತಿದಳು, ತೇವವಿದೆಯೆಂದು ಅದು ಚೀರಿತು.

"ಹಸಿ ಬಣ್ಣ ಅಲ್ವಾ," ಅಂದ ಗ್ರಿಮ್‌ಶಾ. "ಈ ಕೋಣೇಲಿ ಬಾಡಿಗೆದಾರರಿಲ್ಲ, ದೂರೂ ಇಲ್ಲ. ದೋಷ ಕಾಣಲಿಲ್ಲ ಅಂತ ಬರಿ, ಇಲ್ಲೇ ಸಹಿ ಹಾಕ್ತೀನಿ. ಇಲ್ಲಾಂದ್ರೆ ಇನ್ನೊಂದ್ ವರ್ಷ ಕಾಯಿ."

ಪೆನ್ನು ಹಿಡಿದು ಹೆಟ್ಟಿ ನಿಂತೇ ಇದ್ದಳು. ಅಷ್ಟರಲ್ಲಿ ಕೋಣೆ ನೋಡಲು ಒಬ್ಬ ತುಂಬು ಬಸುರಿ ಬಂದಳು, ಹತ್ತೊಂಬತ್ತೂ ತುಂಬಿರಲಿಕ್ಕಿಲ್ಲ. ಹೆಟ್ಟಿಯ ಕೊರಳಲ್ಲಿದ್ದ ಪುರಸಭೆಯ ಬಿಲ್ಲೆ ಕಂಡು ಅವಳ ಮುಖ ಅರಳಿತು.

"ಅಬ್ಬಾ, ನೀವೇ ಇದೀರಲ್ಲ! ಕೋಣೆ ಚೆನ್ನಾಗಿದ್ಯಾ ಮೇಡಂ? ಮಗೂಗೆ ಏನೂ ತೊಂದ್ರೆ ಆಗಲ್ಲ ತಾನೇ?"

ಬ್ರಯರ್ಲಿ ಹೆಟ್ಟಿಯನ್ನೇ ನೋಡಿದ. ಗ್ರಿಮ್‌ಶಾ ಪುಸ್ತಕದ ಹಾಳೆ ತಿರುವುತ್ತ ನಿಂತ.

"ಈಗ್ತಾನೇ ತಪಾಸಣೆ ಆಯ್ತು," ಅಂದಳು ಹೆಟ್ಟಿ. "ದೋಷ ಏನೂ ಕಾಣಲಿಲ್ಲ."